ಹಿತ್ತಿಲ ಜಗಲಿಯ ಮೂರು ದಿನ

ಆಗಿನ್ನೂ ರಾಜಾಜಿನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಕಾರ್ಖಾನೆಯ ಗುಮಾಸ್ತ ಚಕ್ರಪಾಣಿಯವರ ಕಿರಿಮಗಳು ತುಂಗಾ ಎಸ್‌ಎಸ್‌ಎಲ್‌ಸಿ ಓದುತ್ತಿದ್ದಳು. ಹಟ ಹಿಡಿದು ಐಚ್ಛಿಕ ಗಣಿತ ತೆಗೆದುಕೊಂಡಿದ್ದಳು.

ಓದುವ ದಾರಿಯನ್ನು ಅವಳಿಗೆ ಕಲಿಸಿದ್ದು ಜಯದೇವಿ ಟೀಚರ್. "ಉತ್ತರ ಮುಚ್ಚಿಟ್ಟು ಲೆಕ್ಕ ಮಾಡು. ತಪ್ಪಿದ್ದನ್ನ ಬೇರೆ ನೋಟ್‌ಬುಕ್ಕಲ್ಲಿ ಬರ್ಕೋ, ವಾರ ಬಿಟ್ಟು ಮತ್ತೆ ಮಾಡು. ನೋಡಿದ್ರೆ ಎಲ್ಲ ಅರ್ಥವಾದ ಹಾಗೇ ಇರುತ್ತೆ. ನೋಡದೆ ಬಂದ್ರೆ ಮಾತ್ರ ಅದು ನಿನ್ನದು ಕಣಮ್ಮ."

ಆದರೆ ತಿಂಗಳಿಗೆ ಮೂರು ದಿನ ತುಂಗಾ ಹಿತ್ತಿಲ ಜಗಲಿಯಲ್ಲಿ, ಒಂದು ಹರಕು ಚಾಪೆಯ ಮೇಲೆ ಕೂರಬೇಕಿತ್ತು. ಪುಸ್ತಕ ಮುಟ್ಟುವಂತಿರಲಿಲ್ಲ. ಒಮ್ಮೆ ಇದ್ದಿಲು ಹಿಡಿದು ನೆಲದ ಮೇಲೆ ಲೆಕ್ಕ ಬಿಡಿಸುತ್ತಿದ್ದಾಗ ಅಜ್ಜಿ ಲಕ್ಷ್ಮಿದೇವಮ್ಮ ಚೊಂಬು ನೀರು ಸುರಿದರು.

"ಅಂಕಿನೂ ಸರಸ್ವತೀನೇ ಕಣೇ! ಮೈಲಿಗೇಲಿ ಬರೀತೀಯಾ?"

ವಿಷಯ ತಿಳಿದ ಟೀಚರ್ ಮನೆಗೇ ಬಂದರು. "ಹತ್ತು ತಿಂಗಳ ಓದಿನಲ್ಲಿ ಒಂದು ತಿಂಗಳನ್ನ ನೀವೇ ಕಿತ್ಕೊಂಡ ಹಾಗಾಯ್ತಲ್ಲ ಸಾರ್," ಎಂದರು ಚಕ್ರಪಾಣಿಯವರಿಗೆ.

"ನಮ್ಮತ್ತೆ ಕಾಲದಿಂದ ನಡ್ಕೊಂಡು ಬಂದಿದ್ದು," ಎಂದರು ಅಜ್ಜಿ. "ಇವಳ ಅಕ್ಕ ಕೋಕಿಲಾನೂ ಹಾಗೇ ಪರೀಕ್ಷೆ ಬಿಟ್ಟಳು. ಏನು ಮುಳುಗಿಹೋಯ್ತು?"

ಮುಳುಗಿದ್ದೇನೆಂದು ತುಂಗಾಳಿಗೆ ಗೊತ್ತಿತ್ತು. ಅಕ್ಕ ಆ ವೈಶಾಖದಲ್ಲೇ ಮದುವೆಯಾಗಿ ಹೋದಳು. ತವರಿಗೆ ಬಂದಾಗಲೆಲ್ಲ ತಂಗಿಯ ಪುಸ್ತಕಗಳನ್ನು ಸುಮ್ಮನೆ ತಿರುವಿಹಾಕಿ ಇಡುತ್ತಿದ್ದಳು. ಚಕ್ರಪಾಣಿ ಅಂದೂ ಮಾತಾಡಲಿಲ್ಲ, ಈಗಲೂ ಇಲ್ಲ.

ಗಣಿತ ಪರೀಕ್ಷೆಯ ದಿನ ಬೆಳಗ್ಗೆಯೇ ತುಂಗಾ ಹೊರಗಾದಳು. ಬಚ್ಚಲುಮನೆಯಲ್ಲಿ ಬಹಳ ಹೊತ್ತು ನಿಂತಳು. ಬಾಯಿಬಿಡದಿದ್ದರೆ ಯಾರಿಗೂ ತಿಳಿಯದು. ಆದರೆ ಬಚ್ಚಿಟ್ಟರೆ ತಾನು ಏನೋ ತಪ್ಪು ಮಾಡಿದಂತೆ ಆಗುತ್ತದಲ್ಲ? ಆ ಯೋಚನೆಯೇ ಅವಳನ್ನು ನಡುಮನೆಗೆ ತಂದಿತು.

"ಅಜ್ಜಿ, ನಾನು ಹೊರಗಾಗಿದೀನಿ. ಪರೀಕ್ಷೆಗೆ ಹೋಗ್ತಾ ಇದೀನಿ."

"ಪುಸ್ತಕ ಮುಟ್ಟಿ ಹೊಸಿಲು ದಾಟಿದ್ಯೋ, ನಾನು ಇವತ್ತು ಅನ್ನ ಮುಟ್ಟಲ್ಲ!"

ತುಂಗಾ ಹೊಸಿಲ ಬಳಿ ನಿಂತು ತಿರುಗಿದಳು. ಅಜ್ಜಿಯ ಮೇಲೆ ಅವಳಿಗೆ ಪ್ರೀತಿಯಿತ್ತು. "ನೀವು ಊಟ ಮಾಡಿ ಅಜ್ಜಿ. ದೇವರಿಗೆ ನನ್ನ ಮೇಲೆ ಸಿಟ್ಟು ಬಂದ್ರೆ ನನಗೇ ಹೇಳಲಿ," ಎಂದಳು. ಲೇಖನಿ ತೆಗೆದುಕೊಂಡು ನಡೆದಳು.

ಕೈಗೆ ಬಂದ ಪ್ರಶ್ನೆಪತ್ರಿಕೆಯನ್ನು ಮೊದಲು ಪೂರ್ತಿ ಓದಿದಳು. ಬರುವ ಲೆಕ್ಕಗಳನ್ನು ಮುಗಿಸಿ ಕಷ್ಟದವಕ್ಕೆ ಮರಳಿದಳು. ಒಂದು ಮಾತ್ರ ಉಳಿಯಿತು.

ಮನೆಗೆ ಬಂದಾಗ ಅಜ್ಜಿ ಗೋಡೆಗೆ ಮುಖ ಮಾಡಿ ಮಲಗಿದ್ದರು, ಉಂಡಿರಲಿಲ್ಲ. ತುಂಗಾ ಅಭ್ಯಾಸಬಲದಿಂದ ಹಿತ್ತಿಲ ಕಡೆ ತಿರುಗಿದಳು.

"ಅಲ್ಲಿಗ್ಯಾಕೆ?" ಚಕ್ರಪಾಣಿಯವರ ದನಿ. ತಮ್ಮ ಪಕ್ಕಕ್ಕೇ ಮಣೆ ಎಳೆದು ಹಾಕಿದರು. "ಇಲ್ಲಿ ಕೂತ್ಕೋ. ಯಾವುದಾದ್ರೂ ಲೆಕ್ಕ ಬಿಟ್ಟಿದ್ರೆ ತೋರಿಸು."

ಅಜ್ಜಿ ಹೊರಳಿ ನೋಡಿದರು. ತಂದೆ, ಮಗಳು ಒಂದೇ ಹಾಳೆಯ ಮೇಲೆ ಬಾಗಿದ್ದರು.