ಹದಿನೆಂಟು ಪೆಟ್ಟಿಗೆಗಳಿಗೆ ಪಾಕ

ಒಲೆಯ ಮೇಲೆ ನೀರು ಕುದಿಯುತ್ತಿತ್ತು, ಸಕ್ಕರೆ ಚೀಲದ ಬಾಯಿ ಬಿಚ್ಚಿತ್ತು, ತೋಲಾ ಮಾತ್ರ ಅಂಗಳಕ್ಕೂ ಒಲೆಗೂ ನಡುವೆ ಶತಪಥ ಹಾಕುತ್ತಿದ್ದಳು. ಎರಡು ವಾರ ಬಿಡದೆ ಹೊಡೆದ ಮಳೆ ಆ ಮಧ್ಯಾಹ್ನ ಸ್ವಲ್ಪ ಹೊಳವಾಗಿತ್ತು. ಕಾಡಿನಲ್ಲಿ ಒಂದು ಹೂವೂ ಉಳಿದಿರಲಿಲ್ಲ. ಅವಳ ಇಪ್ಪತ್ತೆರಡು ಪೆಟ್ಟಿಗೆಗಳ ಜೇನ್ನೊಣಗಳು ಹಸಿವಿಗೆ ಸತ್ತ ಮರಿಗಳನ್ನು ಬೆಳಿಗ್ಗೆಯೇ ಬಾಗಿಲಾಚೆ ಎಳೆದು ಹಾಕಿದ್ದವು. ಈ ಸಂಜೆ ಪಾಕ ಸಿಗದಿದ್ದರೆ, ಮತ್ತೆ ಮೂರು ದಿನಕ್ಕೊಮ್ಮೆ ಸಿಗದಿದ್ದರೆ, ಗೂಡು ಬಿಟ್ಟು ಹೋಗುವುದು ಖಂಡಿತ.

ಊರಿನ ಇನ್ನೊಂದು ತುದಿಯಲ್ಲಿ ಅವಳ ಅಣ್ಣ ಗೌದೆನ್ಸಿಯೊನ ಹೆಣ ಮಲಗಿಸಿದ್ದರು. ಒಂದು ತಿಂಗಳು ತೂಗುಮಂಚ ಬಿಟ್ಟೇಳದವನು ಬೆಳಿಗ್ಗೆ ಪ್ರಾಣ ಬಿಟ್ಟಿದ್ದ. ನಾಳೆ ಮಣ್ಣು.

ಸಾವಿನ ಮನೆಗೆ ಹೋದವರು ನಮ್ಮಲ್ಲಿ ಒಂಬತ್ತು ದಿನ ಜೇನುಪೆಟ್ಟಿಗೆ ಮುಟ್ಟುವಂತಿಲ್ಲ. ಹೆಣದ ಗಾಳಿ ಮೈಗೆ ಅಂಟಿಕೊಂಡು ಬರುತ್ತದೆ, ಅದು ತಾಗಿದರೆ ರಾಣಿ ಮೊಟ್ಟೆ ಇಡುವುದಿಲ್ಲ ಎನ್ನುತ್ತಾರೆ. ನಂಬದವರೂ ಪಾಲಿಸುತ್ತಾರೆ. ಪಾಲಿಸದೆ ಒಂದು ಗೂಡು ಹೋದರೂ ಊರಿನವರ ಬಾಯಿಗೆ ಬೀಗ ಹಾಕುವವರು ಯಾರು? ಗಂಡ ಹೆಂಡತಿ ಇದ್ದ ಮನೆಯಲ್ಲಿ ಒಬ್ಬರು ಹೆಣ ನೋಡಿ ಬಂದರೆ ಇನ್ನೊಬ್ಬರು ಗೂಡು ನೋಡಿಕೊಳ್ಳುತ್ತಾರೆ. ತೋಲಾ ಒಂಟಿ ಹೆಂಗಸು. ಅಣ್ಣನ ಮುಖ ನೋಡಿದರೆ ಜೇನಿಲ್ಲ, ಜೇನು ನೋಡಿದರೆ ಅಣ್ಣನ ಮುಖವಿಲ್ಲ.

ಆರು ವರ್ಷದಿಂದ ಆ ಮುಖ ನೋಡಿರಲಿಲ್ಲ ಎಂಬುದು ಬೇರೆ ಮಾತು. ಆಗ ಇಬ್ಬರ ಪೆಟ್ಟಿಗೆಗಳೂ ಒಂದೇ ತೋಪಿನಲ್ಲಿದ್ದವು, ಜೇನು ಒಂದೇ ಪೀಪಾಯಿಗೆ ಬೀಳುತ್ತಿತ್ತು. ಹಳದಿ ಹೂವು ಅರಳಲು ಶುರುವಾದ ಕೂಡಲೇ ಪಾಕ ನಿಲ್ಲಿಸಬೇಕು. ಗೌದೆನ್ಸಿಯೊ ನಿಲ್ಲಿಸಲಿಲ್ಲ. ಬಡಕಲು ಗೂಡುಗಳಿಗೆ ಇನ್ನೊಂದು ವಾರ, ಮತ್ತೊಂದು ವಾರ ಎಂದು ಹಾಕುತ್ತಲೇ ಹೋದ. ಅದು ದುರಾಸೆಯೋ, ಕರುಣೆಯೋ, ಅವನಿಗೇ ಗೊತ್ತು. ಪರೀಕ್ಷೆಯಲ್ಲಿ ಜೇನಿನೊಳಗೆ ಸಕ್ಕರೆ ಸಿಕ್ಕಿ ಪೀಪಾಯಿಗಳೆಲ್ಲ ವಾಪಸು ಬಂದವು. ಜೇನು ಕೊಳ್ಳುವವರ ಅಂಗಳದಲ್ಲಿ, ನಲವತ್ತು ಜನರ ಎದುರಿಗೆ, ತೋಲಾ ಅವನನ್ನು ಸಕ್ಕರೆ ಕಳ್ಳ ಎಂದಳು. ಗೌದೆನ್ಸಿಯೊ ಮನೆಗೆ ಹೋಗಿ ಮರುದಿನದಿಂದ ತೋಪಿನ ನಡುವೆ ಕಲ್ಲು ಜೋಡಿಸತೊಡಗಿದ. ಎದೆಮಟ್ಟದ ಗೋಡೆಯಾಯಿತು. ಅಂದಿನಿಂದ ತೋಲಾಳ ಬಾಯಲ್ಲಿ ಅವನು 'ಗೋಡೆಯಾಚೆಯವನು'.

ಈಗ ಆಚೆಯ ಹದಿನೆಂಟು ಪೆಟ್ಟಿಗೆಗಳಿಗೂ ತಿಂಗಳಿಂದ ಯಾರೂ ಏನೂ ಹಾಕಿರಲಿಲ್ಲ. ಅದನ್ನು ಅವಳು ಗೋಡೆಯ ಮೇಲಿಂದ ದಿನಾ ನೋಡಿದ್ದಳು. ನೋಡಿ ಸುಮ್ಮನಿದ್ದಳು.

ಏನಾದರಾಗಲಿ ಎಂದು ಕೊನೆಗೆ ಗಟ್ಟಿ ಮನಸ್ಸು ಮಾಡಿದಳು. ನೊಣ ಹೋದರೆ ಹೋಗಲಿ. ಟ್ರಂಕಿನ ತಳದಿಂದ ಕಪ್ಪು ಶಾಲು ತೆಗೆದು ಕೊಡವುತ್ತಿದ್ದಾಗ ಬೇಲಿಯಾಚೆ, ಊರಿನವರ ಸಾಮಾನು ಸಾಗಿಸುವ ಅಬುಂದಿಯೊನ ಮೂರುಗಾಲಿ ಸೈಕಲ್ ಬಂದು ನಿಂತಿತು. ಗಾಡಿಯ ತುಂಬ ಸಾವಿನ ಮನೆಗೆ ಒಯ್ಯುವ ಕುರ್ಚಿಗಳು. ಅವನು ಇಳಿಯಲಿಲ್ಲ.

"ತೋಲಕ್ಕ, ನಿಮ್ಮ ಅತ್ತಿಗೆ ಹೇಳಿ ಕಳಿಸಿದಾಳೆ. ನೀವು ಅಲ್ಲಿಗೆ ಬರೋದು ಬೇಡವಂತೆ."

ಅಷ್ಟು ಹೇಳಿ ಪೆಡಲು ತುಳಿದು ಹೋಗಿಯೇ ಬಿಟ್ಟ.

ತೋಲಾಳ ಮೈಯೆಲ್ಲ ಉರಿದುಹೋಯಿತು. ಹೆಣದ ಮುಂದೆಯೂ ಹಟವೇ? ನಸಾರಿಯಾ ಎಂಬ ಆ ಹೆಂಗಸಿಗೆ ತನ್ನ ಅಣ್ಣನ ಮುಖ ಮುಚ್ಚಿಡುವ ಅಧಿಕಾರ ಕೊಟ್ಟವರು ಯಾರು? ಶಾಲನ್ನು ತೂಗುಮಂಚದ ಮೇಲೆ ಬಿಸಾಡಿ ಬಂದು ಸಕ್ಕರೆಯನ್ನು ಹಂಡೆಗೆ ಸುರಿದಳು. ಹಂಡೆ ಇಳಿಸಿದ ಮೇಲೆ ಸುರಿಯಬೇಕು ಎಂಬುದು ಅವಳಿಗೆ ನಿದ್ದೆಯಲ್ಲೂ ಗೊತ್ತು. ಅವತ್ತು ಉರಿಯ ಮೇಲೆಯೇ ಸುರಿದಳು, ಸೌಟು ಹಿಡಿದು ನಸಾರಿಯಾಳಿಗೆ ಮನಸ್ಸಿನಲ್ಲೇ ಉತ್ತರ ಕೊಡುತ್ತ ನಿಂತಳು. ಸೀದ ವಾಸನೆ ಮೂಗಿಗೆ ಬಡಿಯುವ ಹೊತ್ತಿಗೆ ತಳ ಕಪ್ಪಾಗಿತ್ತು.

ಸೀದ ಪಾಕ ಕುಡಿದ ನೊಣಕ್ಕೆ ಭೇದಿಯಾಗುತ್ತದೆ. ಹಸಿವಿಗಿಂತ ಬೇಗ ಸಾಯುತ್ತದೆ. ಮನೆಯಲ್ಲಿದ್ದ ಸಕ್ಕರೆಯೆಲ್ಲ ಅದರಲ್ಲೇ ಮುಗಿದಿತ್ತು. ಹೊರಗೆ ಚೆಲ್ಲುವಂತೆಯೂ ಇಲ್ಲ, ಹಗಲು ಹೊತ್ತಿನಲ್ಲಿ ಪಾಕದ ವಾಸನೆ ಸಿಕ್ಕರೆ ಗಟ್ಟಿ ಗೂಡಿನವು ಬಡಕಲು ಗೂಡಿಗೆ ನುಗ್ಗಿ ಕೊಳ್ಳೆ ಹೊಡೆಯುತ್ತವೆ. ಆಗಲೇ ಅಡುಗೆಮನೆಯ ಬಾಗಿಲಲ್ಲಿ ಹತ್ತಾರು ನೊಣ ಸುತ್ತುತ್ತಿದ್ದವು. ಅವಳು ಹಿತ್ತಿಲಲ್ಲಿ ಮೊಣಕಾಲಾಳದ ಗುಂಡಿ ತೋಡಿ, ಹಂಡೆ ಬೋರಲು ಮಾಡಿ ಪಾಕ ಸುರಿದು ಮಣ್ಣು ಮುಚ್ಚಿದಳು. ಅಣ್ಣನಿಗೆ ಹಾಕಬೇಕಾದ ಮಣ್ಣನ್ನು ಪಾಕಕ್ಕೆ ಹಾಕುತ್ತಿದ್ದೇನೆ ಎನಿಸಿ ತನ್ನ ಮೇಲೆಯೇ ಹೇಸಿಗೆಯಾಯಿತು. ಮುಖವೂ ಇಲ್ಲ, ಜೇನೂ ಇಲ್ಲ.

ಹೊತ್ತು ಇಳಿಯುವ ಮುಂಚೆ ಮೂರುಗಾಲಿ ಮತ್ತೆ ಬಂತು. ಈ ಸಲ ಕುರ್ಚಿ ಇರಲಿಲ್ಲ. ಪ್ಲಾಸ್ಟಿಕ್ಕು ಹೊದಿಸಿದ ಎರಡು ಮೂಟೆ ಸಕ್ಕರೆ, ಅದರ ಮೇಲೊಂದು ಹಳೆಯ ಹುಲ್ಲಿನ ಟೋಪಿ, ಸುತ್ತ ಬಲೆ ಹೊಲಿದದ್ದು. ಅಬುಂದಿಯೊ ಬೇಲಿಯ ಹೊರಗಿನ ಕಲ್ಲಿನ ಮೇಲೆ ಎಲ್ಲವನ್ನೂ ಇಳಿಸಿ ಹತ್ತು ಹೆಜ್ಜೆ ಹಿಂದೆ ಸರಿದ.

"ನಾನು ಸಾವಿನ ಮನೇಲಿ ಓಡಾಡಿದವನು, ಒಳಗೆ ಬರಲ್ಲ. ಸಕ್ಕರೆ ಟೋಪಿ ಎರಡೂ ತೋಪಿನ ಗುಡಿಸಲಲ್ಲಿದ್ದದ್ದು, ಮನೇದಲ್ಲ. ನಸಾರಿಯಾ ಅದನ್ನ ಮೂರು ಸಲ ಹೇಳಿದಾಳೆ."

ತೋಲಾ ಬೇಲಿಯ ಬಳಿ ಬಂದು ಟೋಪಿಯನ್ನು ಕೈಗೆತ್ತಿಕೊಂಡಳು.

"ಆಗ ಅರ್ಧ ಹೇಳಿ ಓಡಿದೆ ಅಕ್ಕ. ಕುರ್ಚಿ ಕುರ್ಚಿ ಅಂತ ಪ್ರಾಣ ತಿಂತಿದ್ರು. ನಿಮ್ಮಣ್ಣ ಮೊನ್ನೇನೇ ಹೇಳಿಟ್ಟಿದ್ನಂತೆ, ನಾನು ಸತ್ರೆ ತೋಲಾನ ಕರೀಬೇಡಿ, ಅವಳೂ ಬಂದುಬಿಟ್ರೆ ನನ್ನ ಹುಳಕ್ಕೆ ಊಟ ಹಾಕೋರು ಯಾರು ಅಂತ." ಅಬುಂದಿಯೊ ಮೂಗು ಅರಳಿಸಿದ. "ಪಾಕ ಅವಳಷ್ಟು ಚೆನ್ನಾಗಿ ಮಾಡೋರು ಈ ಊರಲ್ಲಿಲ್ಲ ಅಂದ್ನಂತೆ. ಏನೋ ಸೀದ ವಾಸನೆ ಬರ್ತಿದೆಯಲ್ಲ?"

"ಬೀನ್ಸು ಸೀದೋಯ್ತು," ಎಂದಳು ತೋಲಾ.

ಅವನು ಹೋದ ಮೇಲೆ ಹಂಡೆಯನ್ನು ಬೂದಿ ಹಾಕಿ ಉಜ್ಜಿ ತೊಳೆದು ಮತ್ತೆ ನೀರಿಟ್ಟಳು. ಕುದಿ ಬಂತು. ಹಂಡೆ ಇಳಿಸಿ, ಆಮೇಲೆ ಸಕ್ಕರೆ ಸುರಿದಳು. ಹನ್ನೊಂದು ವರ್ಷದವಳಿದ್ದಾಗ ಗೌದೆನ್ಸಿಯೊ ಅವಳ ಕೈಗೆ ಸೌಟು ಕೊಟ್ಟು, ತಳದಲ್ಲಿ ಹರಳು ಸದ್ದು ಮಾಡುವುದು ನಿಲ್ಲುವವರೆಗೆ ತಿರುವು ಎಂದಿದ್ದ. ಸದ್ದು ನಿಲ್ಲುವವರೆಗೆ ತಿರುವಿದಳು. ಆರಿದ ಮೇಲೆ ಬೆರಳು ಅದ್ದಿ ನೋಡಿದಳು. ಮೈಯಷ್ಟೇ ಬೆಚ್ಚಗಿತ್ತು.

ಬಿಸಿಲು ಮರದ ತುದಿಗೇರಿದಾಗ ತನ್ನ ಪೆಟ್ಟಿಗೆಗಳನ್ನು ಮುಗಿಸಿ, ಬಕೆಟ್ಟನ್ನು ಗೋಡೆಯ ಮೇಲಿಟ್ಟು, ತಾನೂ ಹತ್ತಿ ಆಚೆ ಇಳಿದಳು. ಮೊಣಕಾಲು ತರಚಿತು. ಟೋಪಿ ದೊಡ್ಡದಾಗಿ ಕಿವಿಯ ಮೇಲೆ ಕೂತಿತ್ತು. ಅದರೊಳಗೆ ಹೊಗೆಯ, ಅವನ ಬೆವರಿನ ವಾಸನೆ.

ಮೊದಲನೇ ಪೆಟ್ಟಿಗೆಯ ಮುಚ್ಚಳ ತೆಗೆದಳು. ಜೇನುತಟ್ಟಿಯ ನಾಲ್ಕು ಹಲಗೆ ತುಂಬುವಷ್ಟೇ ನೊಣ ಉಳಿದಿತ್ತು, ಮೇಲೇಳುವ ಸಿಟ್ಟೂ ಅವಕ್ಕಿರಲಿಲ್ಲ. ಒಳಗಿನ ಪುಟ್ಟ ತೊಟ್ಟಿಗೆ ಪಾಕ ಸುರಿದು, ನೊಣ ಮುಳುಗದಿರಲೆಂದು ಒಣಕಡ್ಡಿ ಹಾಕಿದಳು. ಯಜಮಾನ ಸತ್ತರೆ ಮನೆಯವರೊಬ್ಬರು ಪ್ರತಿ ಪೆಟ್ಟಿಗೆಗೂ ಬಗ್ಗಿ ಹೇಳಬೇಕು, ಹೇಳದಿದ್ದರೆ ಅವು ಅವನನ್ನೇ ಹುಡುಕಿಕೊಂಡು ಹೋಗುತ್ತವೆ. ತೋಲಾ ಬಗ್ಗಿದಳು. ಗೋಡೆಯಾಚೆಯವನು ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. ಈಗ ಅವಳೇ ಗೋಡೆಯ ಆಚೆ ನಿಂತಿದ್ದಳು.

"ಅಣ್ಣ ಹೋದ," ಎಂದಳು. "ಗೌದೆನ್ಸಿಯೊ ಅಣ್ಣ ಹೋದ. ಇನ್ನು ನಾನು ಬರ್ತೀನಿ."

ಕಣ್ಣೀರು ಗಲ್ಲಕ್ಕಿಳಿಯಿತು. ಒರೆಸೋಣವೆಂದರೆ ಕೈಯೆಲ್ಲ ಪಾಕ, ಬಲೆ ಎತ್ತುವಂತೆಯೂ ಇಲ್ಲ. ಮುಚ್ಚಳ ಮುಚ್ಚಿ ಮೇಲೆ ಕಲ್ಲಿಟ್ಟು ಬಕೆಟ್ ಎತ್ತಿಕೊಂಡಳು. ಇನ್ನೂ ಹದಿನೇಳು ಪೆಟ್ಟಿಗೆಗೆ ಹೇಳಬೇಕಿತ್ತು.