ಭಾವನವರ ಗಾಜಿನ ಕಡ್ಡಿ

ನಮ್ಮ ಭಾವನವರ ಕೋಟಿನ ಎದೆಜೇಬಿನಲ್ಲಿ, ಉಳಿದ ಗೃಹಸ್ಥರು ಪೆನ್ನು ಸಿಕ್ಕಿಸುವ ಜಾಗದಲ್ಲಿ, ಗೇಣುದ್ದದ ಗಾಜಿನ ಕಡ್ಡಿಯೊಂದು ಸದಾ ನಿಂತಿರುತ್ತಿತ್ತು. ಅದರಿಂದ ಅವರು ಕಲಕದೆ ಬಿಟ್ಟ ದ್ರವವೆಂದರೆ ಭೂಮಂಡಲದಲ್ಲಿ ಸಮುದ್ರವೊಂದೇ. ಅದೂ ತಕ್ಕ ಪಾತ್ರೆ ಸಿಕ್ಕದ ಕಾರಣಕ್ಕೆ. ಮೂವತ್ತು ವರ್ಷ ಆಸ್ಪತ್ರೆಯ ಕಾಂಪೌಂಡರ್ ಆಗಿದ್ದು, ತುಂಬಿದ ಲೋಟ ಹಿಡಿದವರಂತೆ ನಡೆಯುವುದು ರೂಢಿಯಾಗಿ, ಬರಿಗೈಯಲ್ಲಿ ಬೀದಿ ದಾಟುವಾಗಲೂ ಏನೋ ತುಳುಕೀತೆಂಬ ಎಚ್ಚರದಲ್ಲೇ ಹೆಜ್ಜೆಯಿಡುತ್ತಿದ್ದರು.

ಅವರ ಬಾಯಲ್ಲಿ ಮಾತೆಂದರೆ “ಸ್ವಲ್ಪ ತಡೀರಿ.” ಬೆರೆಸಿದ ಔಷಧವನ್ನು ಅರ್ಧ ಗಂಟೆ ಕಿಟಕಿಯ ಕಟ್ಟೆಯ ಮೇಲೆ ನಿಲ್ಲಿಸಿ, ಬೆಳಕಿಗೆ ಹಿಡಿದು ನೋಡದೆ ಯಾರ ಕೈಗೂ ಕೊಡುತ್ತಿರಲಿಲ್ಲ. ಹೀಗೆ ಕಾಯುವಷ್ಟರಲ್ಲಿ ಕೆಲವರಿಗೆ ಬಂದ ಜ್ವರ ಬಿಟ್ಟು ಹೊಸ ಜ್ವರ ಹಿಡಿದದ್ದೂ ಉಂಟು. ಕಾದವರ ಬೇಸರ ಕಳೆಯಲು ಅವರು ನೀರಿನ ಗುಣಗಾನ ಮಾಡುತ್ತಿದ್ದರು. ಉಪ್ಪಿನ ಕಣಗಳು ಗಂಡ ಹೆಂಡಿರಂತೆ ಒಂದನ್ನೊಂದು ಬಿಗಿಯಾಗಿ ಹಿಡಿದಿರುತ್ತವಂತೆ. ನೀರು ನಡುವೆ ನುಗ್ಗಿ, ತನ್ನ ಒಂದು ತುದಿಯಿಂದ ಇವನನ್ನೂ ಇನ್ನೊಂದರಿಂದ ಅವಳನ್ನೂ ಎಳೆದೊಯ್ಯುತ್ತದಂತೆ. ಸಕ್ಕರೆಯ ಕಣ ಒಡೆಯುವುದೇ ಇಲ್ಲ, ನೀರಿನ ಕೈ ಹಿಡಿದು ಇಡಿಯಾಗಿಯೇ ಹೊರಟುಬಿಡುತ್ತದೆ. ಸುಣ್ಣದಕಲ್ಲಿನ ಒಳಹಿಡಿತದ ಮುಂದೆ ನೀರಿನ ಎಳೆತ ಸಾಲದು. ಎಣ್ಣೆಯ ಮೇಲೆ ನೀರಿಗೆ ಹಗೆಯೇನಿಲ್ಲ. ತಮ್ಮತಮ್ಮಲ್ಲೇ ತಬ್ಬಿಕೊಂಡ ನೀರಿನ ಕಣಗಳು ಹೊರಗಿನವರಿಗೆ ಜಾಗ ಬಿಡುವುದಿಲ್ಲ, ಅಷ್ಟೆ. ಕಲಕಿದರೆ ಬೇಗ ಕರಗೀತೇ ಹೊರತು, ನೀರು ತಾನು ಹಿಡಿಯುವುದಕ್ಕಿಂತ ಹೆಚ್ಚು ಹಿಡಿಯದು.

ಇಂಥವರ ಕೈಹಿಡಿದ ನಮ್ಮಕ್ಕ ಮಾತ್ರ ಜನ್ಮದಲ್ಲಿ ಚಹಾ ಕಲಕಿದವಳಲ್ಲ. ಸಕ್ಕರೆಯೆಲ್ಲ ತಳದಲ್ಲಿ ಕೂತು ಕೊನೆಯ ಗುಟುಕು ಪಾಕವಾಗಬೇಕು. ಅದಕ್ಕಾಗಿಯೇ ಮೊದಲಿನ ಕಹಿಯನ್ನೆಲ್ಲ ಸಹಿಸುವುದು ಅವಳ ವ್ರತ. ಭಾವ ಕಡ್ಡಿ ಚಾಚಿದರೆ ಲೋಟಕ್ಕೆ ಅಂಗೈ ಮುಚ್ಚುತ್ತಿದ್ದಳು.

ಒಮ್ಮೆ ಅವಳಿಗೆ ನರದೌರ್ಬಲ್ಯವಾಗಿ ನಿದ್ದೆ ಹಾರಿಹೋಯಿತು. ಹೊಸದಾಗಿ ಬಂದಿದ್ದ ಡಾಕ್ಟರು ಎರಡು ಲವಣಗಳನ್ನು ಒಂದೇ ಬಾಟಲಿಗೆ ಬರೆದುಕೊಟ್ಟರು: ಒಂದು ನಿದ್ದೆಗೆ, ಇನ್ನೊಂದು ನರಗಳಿಗೆ; ಈ ಎರಡನೆಯದು ಹನಿಯಷ್ಟಾದರೆ ಔಷಧ, ಚಮಚದಷ್ಟಾದರೆ ವಿಷ. ಚೀಟಿ ಒಯ್ದವನು ನಾನೇ. ಬೆರೆಸಿದ ಔಷಧ ಕನ್ನಡಿಯಂತೆ ತಿಳಿಯಾಗಿತ್ತು. ಅಕ್ಕ ಅಲ್ಲಿ ಒದ್ದಾಡುತ್ತಿರುವಾಗ ಇವರದೇನು ಕಿಟಕಿಪೂಜೆ ಎಂದು ನಾನು ರೇಗುತ್ತಿದ್ದಂತೆಯೇ, ಬಾಟಲಿಯ ತಳದಲ್ಲಿ ಕೂದಲೆಳೆಯಂಥ ಸೂಜಿಗಳು ಮೂಡತೊಡಗಿದವು. ಬೇರೆ ಬೇರೆಯಾಗಿ ಸುಖವಾಗಿ ಕರಗುವ ಲವಣಗಳೆರಡು, ಒಂದೇ ನೀರಿನಲ್ಲಿ ಜೊತೆ ಬದಲಿಸಿಕೊಂಡು, ನೀರು ಹೊರಲಾರದ ಮೂರನೆಯದಾಗಿ ತಳಕ್ಕಿಳಿಯುತ್ತಿದ್ದವು. ಬಾಟಲಿಯ ವಿಷವೆಲ್ಲ ಹೆಚ್ಚುಕಡಿಮೆ ಕೊನೆಯ ಚಮಚಕ್ಕೆ ಸೇರುತ್ತಿತ್ತು.

ಭಾವ ಬಾಟಲಿ ಹಿಡಿದು ಮುಂದೆ, ನಾನು ಹಿಂದೆ, ಡಾಕ್ಟರ ಕೋಣೆಗೆ ಹೋಗಿ ತಳದ ಸೂಜಿಗಳನ್ನು ತೋರಿಸಿದೆವು. ಬರೆದದ್ದನ್ನು ಬೆರೆಸುವುದಷ್ಟೇ ಕಾಂಪೌಂಡರನ ಕೆಲಸ, ಆ ಕೆಲಸ ಬೇಡವಾಗಿದ್ದರೆ ಬಾಗಿಲು ತೆರೆದೇ ಇದೆ ಎಂದರು ಡಾಕ್ಟರು. ಬೇಕಾದರೆ ‘ಅಲ್ಲಾಡಿಸಿ ಕುಡಿಯಿರಿ’ ಎಂದು ಚೀಟಿ ಅಂಟಿಸಬಹುದಂತೆ.

“ಅಂಟಿಸ್ತೀನಿ ಸಾರ್,” ಎಂದರು ಭಾವ. “ಆದ್ರೆ ಅವಳು ಚಹಾನೇ ಕಲಕಲ್ಲ.”

ಡಾಕ್ಟರು ಗಂಟೆ ಒತ್ತಲು ಕೈ ಚಾಚಿದರು.

“ಸ್ವಲ್ಪ ತಡೀರಿ. ಮೇಲಿಂದೆಲ್ಲ ಚೆಲ್ತೀನಿ, ತಳದ್ದು ಒಂದು ಚಮಚ ಉಳಿಸ್ತೀನಿ. ಅದನ್ನ ನಿಮ್ಮನೆಯವರಿಗೆ ಕೊಡ್ತೀರಾ?”

ಡಾಕ್ಟರು ಬಾಟಲಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ತಾವು ಬರೆದಿದ್ದ ಚೀಟಿಯಲ್ಲಿ ಒಂದು ಸಾಲನ್ನು ಹೊಡೆದುಹಾಕಿದರು.

ಮನೆಗೆ ಬಂದು ಭಾವ ಆ ದಿನ ಅಕ್ಕನ ಚಹಾಕ್ಕೆ ಕಡ್ಡಿ ಇಳಿಸಿಯೇ ಬಿಟ್ಟರು. ಗಾಜು ಲೋಟಕ್ಕೆ ಟಣಟಣ ಬಡಿಯುತ್ತಿತ್ತು. ಅಕ್ಕ ಅವರ ಮುಖ ನೋಡಿದಳು, ಅಂಗೈ ಮುಚ್ಚಲಿಲ್ಲ.

ಇಂಥವರನ್ನು ನಾವು ನಿಧಾನಿಗಳೆಂದೂ ಪಿರಿಪಿರಿಯೆಂದೂ ಹಂಗಿಸುತ್ತೇವೆ. ತಿಳಿಯಾಗಿ ಕಂಡದ್ದನ್ನೆಲ್ಲ ನಂಬಿ ಗಟಗಟ ಕುಡಿಯುವ ನಮ್ಮಂಥವರು ಇಷ್ಟೊಂದು ಜನ ಇನ್ನೂ ಬದುಕಿರುವುದು ಮಾತ್ರ, ಎಲ್ಲೋ ಒಂದು ಕಿಟಕಿಯ ಬಳಿ ನಮ್ಮ ಬಾಟಲಿಯನ್ನು ಬೆಳಕಿಗೆ ಹಿಡಿದು, ನಮ್ಮ ಬೈಗುಳವನ್ನೇ ಕೇಳಿಸಿಕೊಳ್ಳುತ್ತ, ಇನ್ನೂ ಸ್ವಲ್ಪ ತಡೆಯುವವರು ಇರುವುದರಿಂದ.