ಮೇಲಿನ ಜಾಡಿ, ಕೆಳಗಿನ ಜಾಡಿ

ನದಿ ನಾರುವುದು ನಗರಸಭೆಗೆ ಹೊಸ ವಿಷಯವೇನಲ್ಲ. ಅದಕ್ಕೊಬ್ಬ ಅಪರಾಧಿ ಬೇಕಾಗಿದ್ದ, ಅಷ್ಟೆ. ದಡದ ಮೇಲಿನ ಅರವತ್ತು ತಗಡಿನ ಮನೆಗಳು ಕಣ್ಣೆದುರಿಗೇ ಇದ್ದವು. ಎಬ್ಬಿಸಿಬಿಡೋಣ ಎಂದು ತೀರ್ಮಾನವಾಗುವ ಹೊತ್ತಿಗೆ ಪ್ರಯೋಗಾಲಯದ ಮೇಡಂ ನಡುವೆ ಬಾಯಿ ಹಾಕಿದರು. "ಮೊದಲು ಕೆಸರು ನೋಡೋಣ. ತಪ್ಪು ಅವರದಲ್ಲ ಅಂತಾದ್ರೆ ಎಬ್ಬಿಸೋ ಹಾಗಿಲ್ಲ," ಎಂದರು. ಸಭೆ ಗೊಣಗುತ್ತ ಒಪ್ಪಿತು.

ಕೆಸರು ತರುವವನನ್ನು ಪ್ರಯೋಗಾಲಯದಲ್ಲಿ ಎಲ್ಲರೂ ಕೆಸರಪ್ಪ ಎಂದೇ ಕರೆಯುತ್ತಿದ್ದರು. ಉದ್ದ ಬೂಟು ಹಾಕಿಕೊಂಡು ನದಿಗಿಳಿದು, ಗಾಜಿನ ಜಾಡಿಗೆ ತಳದ ಕೆಸರು ತುಂಬಿ, ಚೀಟಿ ಅಂಟಿಸಿ, ಐಸ್ ಪೆಟ್ಟಿಗೆಯಲ್ಲಿಟ್ಟು ತರುವುದು ಎಂಟು ವರ್ಷದಿಂದ ಅವನ ಕೆಲಸ. ಅವನು ಆ ಅರವತ್ತು ಮನೆಗಳಲ್ಲೊಂದರಲ್ಲಿ ತನ್ನ ಅಕ್ಕನ ಜೊತೆ ಇದ್ದಾನೆಂಬುದು ಮಾತ್ರ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೆಲಸಕ್ಕೆ ಸೇರುವಾಗ ನಾಚಿಕೆಯಿಂದ ಬೇರೆ ವಿಳಾಸ ಬರೆಸಿದ್ದ.

ಮೇಡಂ ಅವನಿಗೆ ಬಿಡಿಸಿ ಹೇಳಿದರು. "ನೋಡು, ನೀರು ಹರಿದುಹೋಗುತ್ತೆ, ಗುರುತು ಕೆಸರಲ್ಲಿ ಕೂತಿರುತ್ತೆ. ಎಲೆ ಕೊಳೆತದ್ದಾದ್ರೆ ಎಲೆಯ ಮೇಣ ಸಿಗುತ್ತೆ. ಮನುಷ್ಯರ ಹೊಟ್ಟೆಯಿಂದ ಬಂದದ್ದಾದ್ರೆ ಕೊಪ್ರೋಸ್ಟನಾಲ್ ಅಂತ ಒಂದು ಕೊಬ್ಬಿನಂಥ ವಸ್ತು. ಆ ಮನೆಗಳ ಮೇಲ್ಗಡೆಯಿಂದ, ಅಂದ್ರೆ ನೀರು ಹರಿದು ಬರೋ ಕಡೆಯಿಂದ, ಒಂದು ಜಾಡಿ, ಕೆಳಗಡೆಯಿಂದ ಒಂದು ಜಾಡಿ ತಾ. ಕೆಳಗಿನದ್ರಲ್ಲಿ ಅದು ಜಾಸ್ತಿ ಇದ್ರೆ ತಪ್ಪು ಅವರದು. ಇಲ್ದಿದ್ರೆ ಅಲ್ಲ."

ಕೆಸರಪ್ಪನ ಅಕ್ಕ ಸಾಮಾನ್ಯದವಳಲ್ಲ. ಇಡೀ ಓಣಿಯನ್ನು ಬೈದು ಬೈದು ದಡದಿಂದ ದೂರ ಕಕ್ಕಸಿನ ಗುಂಡಿ ತೋಡಿಸಿದವಳು. ನದಿಯ ಕಡೆ ಹೊರಟ ಮಕ್ಕಳ ಹಿಂದೆ ಪೊರಕೆ ಹಿಡಿದು ಓಡುವವಳು. "ನಮ್ಮದೊಂದು ತೊಟ್ಟೂ ನದಿಗೆ ಹೋಗಲ್ಲ. ಬರಲಿ, ಪರೀಕ್ಷೆ ಮಾಡಲಿ," ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು. ತಮ್ಮನಿಗೆ ಆ ಧೈರ್ಯ ಇರಲಿಲ್ಲ. ಪೊರಕೆಗೆ ಸಿಗದ ಒಂದಿಬ್ಬರು ಮಕ್ಕಳನ್ನು ಅವನು ಕಂಡಿದ್ದ. ಮೇಲ್ಗಡೆಯಿದ್ದದ್ದೋ ಬಹುಮಹಡಿಯ ಮನೆಗಳು, ಗುಲಾಬಿ ತೋಟ, ಗೇಟಿನಲ್ಲಿ ಟೊಪ್ಪಿ ಹಾಕಿದ ಕಾವಲುಗಾರ. ಅಂಥವರ ಹೊಟ್ಟೆಯಿಂದಲೂ ಏನಾದರೂ ಹೊರಬರುತ್ತದೆ, ಅದೂ ಎಲ್ಲಿಗೋ ಹೋಗಬೇಕು ಎಂಬುದು ಆ ಪೆದ್ದನ ತಲೆಗೆ ಹೊಳೆಯಲೇ ಇಲ್ಲ. ತನ್ನವರ ಕೊಳಕು ಎಷ್ಟು ಸುಲಭವಾಗಿ ನಂಬಿಬಿಟ್ಟ ನೋಡಿ!

ಮಾರನೆಯ ದಿನ ಎರಡೂ ಕಡೆ ಕೆಸರು ತುಂಬಿದ. ನೋಡಲು ಎರಡೂ ಒಂದೇ ಕಪ್ಪು. ಮೇಲಿನ ಜಾಡಿಗೆ 'ಕೆಳಗೆ' ಎಂಬ ಚೀಟಿ ಅಂಟಿಸಿದ, ಕೆಳಗಿನದಕ್ಕೆ 'ಮೇಲೆ' ಎಂಬುದನ್ನು. ಎಂಟು ವರ್ಷದಲ್ಲಿ ಅದೇ ಮೊದಲ ಮೋಸ. ಅಕ್ಕನನ್ನು ಉಳಿಸಿಕೊಂಡೆ ಎಂಬ ಸಮಾಧಾನಕ್ಕೆ ಅವತ್ತು ನಾಲ್ಕು ತುತ್ತು ಹೆಚ್ಚೇ ಉಂಡ.

ಹನ್ನೆರಡು ದಿನ ಕಳೆದ ಮೇಲೆ ಮೇಡಂ ಅವನನ್ನು ಕಂಡು ನಿಟ್ಟುಸಿರು ಬಿಟ್ಟರು. "ಪಾಪ, ಆ ಜನಕ್ಕೆ ಒಳ್ಳೇದಾಗುತ್ತೆ ಅಂದ್ಕೊಂಡಿದ್ದೆ. ಆಗ್ಲಿಲ್ಲ. ಕೆಳಗಿನ ಜಾಡೀಲಿ ಮನುಷ್ಯರ ಗುರುತು ಒಂಬತ್ತು ಪಟ್ಟು ಜಾಸ್ತಿ. ಮೇಲಿನದ್ರಲ್ಲಿ ಹೆಚ್ಚಾಗಿ ಎಲೇನೇ. ವರದಿ ನಿನ್ನೆ ಕಳಿಸ್ದೆ."

ಬಹುಮಹಡಿಯವರ ಹೇಲನ್ನು ಕೆಸರಪ್ಪ ತನ್ನ ಕೈಯಾರೆ ತಂದು ಅಕ್ಕನ ಹೊಸ್ತಿಲಿಗೆ ಸುರಿದಿದ್ದ. ನಿಂತಲ್ಲೇ ಎಲ್ಲವನ್ನೂ ಕಕ್ಕಿದ: ಚೀಟಿ, ವಿಳಾಸ, ಅಕ್ಕ.

ಕೇಳಿದ ಮೇಡಂ ಮುಖ ಮೊದಲು ಅರಳಿತು. "ಅದಕ್ಕೇ! ಬೆಟ್ಟದ ತೊರೆ ನದಿಗೆ ಸೇರೋದು ನಿಮ್ಮ ಮನೆಗಳ ಪಕ್ಕ. ಅದು ತರೋ ಎಲೆ ಮೇಣ ಮೇಲಿನ ಜಾಡಿಗೆ ಹೇಗೆ ಬಂತು ಅಂತ ಎರಡು ದಿನ ತಲೆ ಕೆಡಿಸ್ಕೊಂಡಿದ್ದೆ."

"ಹಾಗಾದ್ರೆ ಬದಲಾಯಿಸಿ ಬರೀತೀರಾ ಮೇಡಂ?"

ಅರಳಿದ ಮುಖ ಮುಚ್ಚಿಕೊಂಡಿತು. "ಏನಂತ ಬರೀಲಿ? ಚೀಟಿ ಬದಲಾಯಿಸೋನನ್ನ ನಂಬಿ ಎಂಟು ವರ್ಷ ವರದಿ ಬರೆದೆ ಅಂತಲಾ? ನನ್ನ ಎಂಟು ವರ್ಷದ ಕೆಲಸ ಕಸದ ಬುಟ್ಟಿಗೆ ಹೋಗುತ್ತೆ."

"ಇದೊಂದೇ ಸಲ ಮೇಡಂ. ದೇವರಾಣೆ."

"ಯಾರು ನಂಬ್ತಾರೆ? ನಾನೇ ನಂಬಲ್ಲ. ಬಾಯಿ ಬಿಟ್ರೆ ಮೊದಲು ಜೈಲಿಗೆ ಹೋಗೋನು ನೀನು. ಮನೆ ಉಳಿಸ್ಕೊಳ್ಳೋಕೆ ಈಗ ಕತೆ ಕಟ್ತಿದ್ದಾನೆ ಅಂತಾರೆ, ಮನೇನೂ ಉಳಿಯಲ್ಲ." ಆಮೇಲೆ ದನಿ ತಗ್ಗಿಸಿ, "ಎರಡು ದಿನ ರಜೆ ತಗೋ. ಸಾಮಾನು ಸಾಗಿಸ್ಬೇಕಲ್ಲ," ಎಂದರು. ತಾವು ಒಳ್ಳೆಯವರೆಂಬುದರಲ್ಲಿ ಮೇಡಂಗೆ ಆಗಲೂ ಸಂಶಯವಿರಲಿಲ್ಲ.

ಸೋಮವಾರ ಬುಲ್ಡೋಜರ್ ಬಂತು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಅದರ ಮುಂದೆ ನಿಂತಳು. "ನಿಮ್ಮ ಕಾಗದ ಸುಳ್ಳು! ಆ ಕೆಸರು ತಂದವನು ನನ್ನ ತಮ್ಮ. ಇಲ್ಲೇ ಇದ್ದಾನೆ. ಅವನ ಬಾಯಲ್ಲಿ ಬರಲಿ, ಆಮೇಲೆ ದಾರಿ ಬಿಡ್ತೀನಿ."

ಅಧಿಕಾರಿ ಕೆಟ್ಟವನಾಗಿರಲಿಲ್ಲ. ಕೈ ಎತ್ತಿ ಬುಲ್ಡೋಜರ್ ನಿಲ್ಲಿಸಿದ. "ನೀನೇನಪ್ಪಾ? ಸರಿಯಾಗೇ ತಂದಿದ್ಯಾ? ಏನಾದ್ರೂ ಹೆಚ್ಚುಕಮ್ಮಿ ಆಗಿದ್ರೆ ಈಗಲೇ ಹೇಳು. ಇವತ್ತಿಗೆ ವಾಪಸ್ ಹೋಗ್ತೀವಿ."

ಅರವತ್ತು ಮನೆಗಳ ಜನ ಅವನ ಬಾಯಿ ನೋಡಿದರು. ಕೆಸರಪ್ಪನಿಗೆ ಜೈಲು ಕಂಡಿತು. ಅದರಾಚೆ ಏನೂ ಕಾಣಲಿಲ್ಲ. ಹೇಡಿ.

"ಸರಿಯಾಗೇ ತಂದಿದ್ದೆ ಸಾರ್."

ಅಕ್ಕ ಅವನ ಮುಖವನ್ನೇ ನೋಡಿದಳು. ಆ ನೋಟದಲ್ಲಿ ಅನುಮಾನ ಇದ್ದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವಳು ಸೆರಗು ಬಿಚ್ಚಿ, ಓಣಿಯವರ ಕಡೆ ತಿರುಗಿ, "ನನ್ನ ತಮ್ಮ ಸುಳ್ಳು ಹೇಳೋನಲ್ಲ. ಹಾಗಾದ್ರೆ ತಪ್ಪು ನಮ್ಮದೇ. ನಾನೇ ಸರಿಯಾಗಿ ಕಾಯ್ಲಿಲ್ಲ," ಎಂದಳು. ಅಧಿಕಾರಿಗೆ ಕೈ ಮುಗಿದಳು. ಯಾರೂ ಹೇಳದೆಯೇ ಒಳಗೆ ಹೋಗಿ ಪಾತ್ರೆಪಗಡಿ ಹೊರಗಿಡತೊಡಗಿದಳು.

ಕೆಸರಪ್ಪ ಹಂಡೆಗೆ ಕೈ ಚಾಚಿದ. ಅವಳು ಅದನ್ನು ಅವನಿಗೆ ಬಿಡದೆ ತಾನೇ ಸೊಂಟಕ್ಕೇರಿಸಿಕೊಂಡು, ಅವನ ಬೆನ್ನು ಸವರಿದಳು.

"ಬೇಜಾರು ಮಾಡ್ಕೋಬೇಡ ಕಣೋ," ಎಂದಳು. "ನಿಜ ಹೇಳಿದ್ದಕ್ಕೆ ಯಾರಾದ್ರೂ ಅಳ್ತಾರಾ?"